ಗೋಡೆಯ ಮೇಲಿನ ಐದು ಸೆಂಟಿಮೀಟರ್

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಬಲಕ್ಕೆ ಹೋಗುತ್ತಾ ಕೆಳಗಿಳಿಯುತ್ತದೆ. ಮಾತು ಜೋಡಿಸುವುದೂ ನನಗೆ ಸರಿಯಾಗಿ ಬರುವುದಿಲ್ಲ. ಹನ್ನೊಂದನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಉತ್ತರ ಹೇಳು ಅಂದರೆ ನನ್ನಿಂದ ಆಗುತ್ತಿರಲಿಲ್ಲ. ಉತ್ತರ ನನ್ನ ಪುಸ್ತಕದಲ್ಲಿ ಬರೆದಿರುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಹಾಗೆ ನಿಂತೇ ಇದ್ದೆ. ಮೊದಲು ಹಿಂದಿನ ಬೆಂಚು ನಕ್ಕಿತು, ಆಮೇಲೆ ಎಲ್ಲರೂ ನಕ್ಕರು. ಮರುದಿನದಿಂದ ನಾನು ಹೋಗಲಿಲ್ಲ.

ನಾನು ಬರೆಯಲು ಕೂತಿರುವುದು ಅಪ್ಪನ ವಿಷಯ. ಆದರೆ ಅದರೊಳಗೆ ನಾನು ಮಾಡಿದ ಒಂದು ತಪ್ಪೂ ಸೇರಿಕೊಂಡಿದೆ. ಅದಕ್ಕೇ ನನ್ನ ಬಗ್ಗೆ ಇಷ್ಟು ಹೇಳಬೇಕಾಯಿತು.

ಅಪ್ಪ ಕ್ರೇನ್ ನಡೆಸುವವರು. ಎರಕದ ಕಾರ್ಖಾನೆಯಲ್ಲಿ ಉದ್ದನೆಯ ಒಂದು ಶೆಡ್ಡು ಇದೆ. ಅದರ ಎರಡೂ ಗೋಡೆಗಳ ನೆತ್ತಿಯಲ್ಲಿ ಹಳಿ, ಹಳಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಸೇತುವೆಯಂತೆ ಕ್ರೇನು. ಸೇತುವೆಯ ಒಂದು ಮೂಲೆಯಲ್ಲಿ ಗಾಜಿನ ಕ್ಯಾಬಿನ್ ನೇತಾಡುತ್ತದೆ. ನಲವತ್ತೆರಡು ಮೆಟ್ಟಿಲ ಕಬ್ಬಿಣದ ಏಣಿ ಹತ್ತಿ ಅಲ್ಲಿಗೆ ಹೋಗಬೇಕು. ಹತ್ತಿದರೆ ಊಟದ ಗಂಟೆಯವರೆಗೆ ಇಳಿಯುವ ಹಾಗಿಲ್ಲ. ಅಮ್ಮ ಹಳೇ ಕಂಬಳಿ ಕತ್ತರಿಸಿ ಹೊಲಿದುಕೊಟ್ಟ ದಿಂಬಿನ ಮೇಲೆ ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಕೂತರು. ಮೇಲಿನಿಂದ ಜನರ ಮುಖ ಕಾಣುವುದಿಲ್ಲ. "ನನಗೆ ಎಲ್ಲರ ನೆತ್ತಿ ಪರಿಚಯ. ರಸ್ತೆಯಲ್ಲಿ ಸಿಕ್ಕಿ ನಮಸ್ಕಾರ ಅಂದ್ರೆ, ಸ್ವಲ್ಪ ತಲೆ ಬಗ್ಗಿಸಪ್ಪಾ, ಯಾರು ಅಂತ ಹೇಳ್ತೀನಿ ಅನ್ನಬೇಕು ಅನ್ಸುತ್ತೆ" ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಅಪ್ಪನನ್ನು ಆಮೆ ಅಂತ ಕರೆಯುತ್ತಾರೆ. ಚಿಕ್ಕವರಾದರೆ ಆಮೆಯಣ್ಣ. ಅಪ್ಪ ಎಲ್ಲದರಲ್ಲೂ ನಿಧಾನ. ಶೂ ದಾರ ಕಟ್ಟುವುದಕ್ಕೇ ಐದು ನಿಮಿಷ ಬೇಕು. ಊಟಕ್ಕೆ ಕೂತರೆ ನಾವೆಲ್ಲ ಎದ್ದು ತಟ್ಟೆ ತೊಳೆದಿಟ್ಟ ಮೇಲೂ ಕೊನೆಯ ತುತ್ತು ಕಲಸುತ್ತಾ ಇರುತ್ತಾರೆ. "ಮದುವೆ ದಿನವೂ ತಡವಾಗಿ ಬಂದ ಮನುಷ್ಯ. ನಾನೂ ಎದ್ದು ಹೋಗದೆ ಕಾದೆನಲ್ಲ, ನನ್ನ ಬುದ್ಧಿಗಿಷ್ಟು!" ಎಂದು ಅಮ್ಮ ಗೊಣಗುತ್ತಾಳೆ. ಭಾರ ಇಳಿಸುವಾಗ ಕೆಳಗಿನಿಂದ ಯಾರಾದರೂ, "ಏನಣ್ಣಾ, ಇವತ್ತೇ ಇಳಿಯುತ್ತೋ, ನಾಳೆ ಬರಬೇಕೋ?" ಎಂದು ಕೂಗುತ್ತಿದ್ದರಂತೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತೋರಿಸಬೇಕಾದಾಗ ಅಪ್ಪನನ್ನೇ ಕರೆಯುತ್ತಿದ್ದರು. ಎರಡು ಟನ್ನಿನ ಭಾರದ ಮೇಲೆ ತುಂಬಿದ ಟೀ ಲೋಟ ಇಡುತ್ತಿದ್ದರು. ಅಪ್ಪ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಯ್ದು ಇಳಿಸುತ್ತಿದ್ದರು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಅಪ್ಪನಿಗೆ ಇದ್ದ ಹೆಮ್ಮೆ ಅದೊಂದೇ.

ಅಪ್ಪನಿಗೆ ಕೆಳಗಿನಿಂದ ದಾರಿ ತೋರಿಸುವವರು ಕೊಕ್ಕೆ ಚಿಕ್ಕಪ್ಪ. ನಮಗೆ ರಕ್ತಸಂಬಂಧವಿಲ್ಲ. ಭಾರಕ್ಕೆ ಸರಪಳಿ ಸುತ್ತಿ ಕೊಕ್ಕೆಗೆ ಸಿಕ್ಕಿಸುವುದು ಅವರ ಕೆಲಸ, ಅದಕ್ಕೆ ನಾನು ಚಿಕ್ಕಂದಿನಿಂದ ಹಾಗೆ ಕರೆಯುತ್ತೇನೆ. ಶೆಡ್ಡಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಎಲ್ಲವೂ ಕೈಸನ್ನೆ. ಹೆಬ್ಬೆರಳು ಮೇಲೆ ಅಂದರೆ ಎತ್ತು, ಮುಷ್ಟಿ ಅಂದರೆ ನಿಲ್ಲಿಸು, ಅಂಗೈ ಅಲ್ಲಾಡಿಸಿದರೆ ಮೆಲ್ಲಗೆ. ಹತ್ತೊಂಬತ್ತು ವರ್ಷ ಅವರಿಬ್ಬರೂ ಹೀಗೆ ಮಾತಾಡಿ, ಮನೆಗೆ ಬಂದಾಗಲೂ ಬಾಯಿ ಬಿಡುತ್ತಿರಲಿಲ್ಲ. ಚಿಕ್ಕಪ್ಪ ಊಟದ ನಡುವೆ ಹೆಬ್ಬೆರಳೆತ್ತಿದರೆ ಅಪ್ಪ ನೀರಿನ ತಂಬಿಗೆ ಎತ್ತಿಕೊಡುತ್ತಿದ್ದರು. "ಮೂಗರ ಶಾಲೆ ಶುರುವಾಯ್ತು" ಎಂದು ಅಮ್ಮ ನಗುತ್ತಿದ್ದಳು. ನನಗೆ ಚಿಕ್ಕಪ್ಪ ಬಂದರೆ ಇಷ್ಟ. ನಾನು ಮಾತಾಡದೆ ಇದ್ದರೂ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅವಘಡ ಆದದ್ದು ಒಂದು ಮಂಗಳವಾರ, ಊಟದ ಗಂಟೆಗೆ ಸ್ವಲ್ಪ ಮೊದಲು. ಗೋಡೆಯ ಪಕ್ಕ, ಇನ್ನೊಂದು ತೊಲೆಯಿಂದ, ಕಬ್ಬಿಣದ ತೊಟ್ಟಿಯೊಂದು ತೂಗುತ್ತಿತ್ತು. ಅದು ತಿರುಗದಿರಲಿ ಎಂದು ಚಿಕ್ಕಪ್ಪ ಬಲಗೈಯಿಂದ ಅದರ ಅಂಚು ಹಿಡಿದು ನಿಂತಿದ್ದರು. ಅಪ್ಪ ಅಂಥದ್ದೇ ಇನ್ನೊಂದು ತೊಟ್ಟಿಯನ್ನು ಕ್ರೇನಿನಲ್ಲಿ ತರುತ್ತಿದ್ದರು. ಚಿಕ್ಕಪ್ಪ ಎಡಗೈ ಮುಷ್ಟಿ ಎತ್ತಿದರು. ಅಪ್ಪ ಬ್ರೇಕ್ ಒತ್ತಿದರು. ಕ್ರೇನು ನಿಂತಿತು, ಹಗ್ಗದ ತುದಿಯ ತೊಟ್ಟಿ ನಿಲ್ಲಲಿಲ್ಲ. ಅದು ಹೋಗಿ ಚಿಕ್ಕಪ್ಪ ಹಿಡಿದಿದ್ದ ತೊಟ್ಟಿಗೆ ಬಡಿಯಿತು. ಒಂದರ ಅಂಚಿನ ಕಬ್ಬಿಣದ ಕಿವಿ ಇನ್ನೊಂದರ ಸರಪಳಿಗೆ ಸಿಕ್ಕಿಕೊಂಡು, ಎರಡೂ ಒಟ್ಟಿಗೆ ಉಯ್ಯಾಲೆಯಂತೆ ಗೋಡೆಗುಂಟ ಮೇಲೇರಿ ವಾಪಸು ಬಂದವು. ಆ ಸದ್ದು ಹೊರಗಿನ ಗೇಟಿನವರೆಗೆ ಕೇಳಿಸಿತಂತೆ. ಚಿಕ್ಕಪ್ಪನ ಬಲಗೈ ಎರಡು ತೊಟ್ಟಿಗಳ ನಡುವೆ ಇತ್ತು.

ಅಪ್ಪ ಆ ದಿನ ನಲವತ್ತೆರಡು ಮೆಟ್ಟಿಲನ್ನು ಹೇಗೆ ಇಳಿದರೋ ಅವರಿಗೇ ನೆನಪಿಲ್ಲ.

ವಿಚಾರಣೆ ಶುರುವಾಯಿತು. ಜನ ಕೆಲಸ ಮಾಡುವ ಜಾಗದಲ್ಲಿ ಕ್ರೇನು ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಜೋರಾಗಿ ಹೋಗಬಾರದು ಎಂದು ನಿಯಮ. ಅದರೊಳಗೆ ಬಂದಿದ್ದರೆ ಅಪ್ಪನ ತಪ್ಪಿಲ್ಲ, ಚಿಕ್ಕಪ್ಪ ಮುಷ್ಟಿ ಎತ್ತಿದ್ದು ತಡವಾಯಿತು ಎಂದಾಗುತ್ತದೆ. ಅದಕ್ಕಿಂತ ಜೋರಾಗಿ ಬಂದಿದ್ದರೆ ಅಪ್ಪನ ತಪ್ಪು. ಯಾರ ತಪ್ಪು ಎಂದು ತೀರ್ಮಾನವಾಗುತ್ತದೋ ಅವರಿಗೆ ಮತ್ತೆ ಕೆಲಸವಿಲ್ಲ. ಕ್ರೇನು ಓಡಿಸುವ ಲಿವರಿಗೆ ಮೂರು ಹಂತ. ಎರಡನೇ ಹಂತ ನಿಯಮದೊಳಗೆ ಇರುತ್ತದೆ, ಮೂರನೆಯದು ಮೀರುತ್ತದೆ.

"ನಾನು ಎರಡರಲ್ಲೇ ಇದ್ದೆ. ಇಪ್ಪತ್ತೆರಡು ವರ್ಷದಲ್ಲಿ ಜನ ಇರೋ ಕಡೆ ಮೂರಕ್ಕೆ ಹಾಕಿದವನೇ ಅಲ್ಲ" ಎಂದು ಅಪ್ಪ ಹೇಳಿದರು. ಆದರೆ ಕ್ರೇನಿನಲ್ಲಿ ವೇಗ ತೋರಿಸುವ ಮೀಟರ್ ಇಲ್ಲ. ವಿಚಾರಣೆಗೆ ಬಂದ ಅಧಿಕಾರಿ ಕಾನೂನು ಓದಿದವರು. "ನೀವು ಹೇಳ್ತೀರಿ, ನಾನು ಬರ್ಕೋತೀನಿ. ಪುರಾವೆ ಎಲ್ಲಿ?" ಎಂದರಂತೆ.

ಆ ಸಂಜೆ ಅಪ್ಪ ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಶೆಡ್ಡಿನ ಗೋಡೆಗೆ ಅವಘಡದ ದಿನ ಬೆಳಿಗ್ಗೆ ತಾನೇ ಹಳದಿ ಬಣ್ಣ ಬಳಿದಿದ್ದರು, ತೊಟ್ಟಿ ಉಜ್ಜಿ ಹಸಿ ಬಣ್ಣದಲ್ಲಿ ಬಿಲ್ಲಿನಂತೆ ಗೀರು ಬಿದ್ದಿದೆ ಎಂದು ಅಪ್ಪ ಅಂದಾಗ ನನ್ನ ಬಾಯಿಂದ ಮಾತು ಹೊರಟಿತು.

"ಅಪ್ಪಾ, ಆ ಗೀರು ಎಷ್ಟು ಮೇಲೆ ಹೋಗಿದೆ ಅಂತ ಅಳೆದರೆ ವೇಗ ಗೊತ್ತಾಗುತ್ತೆ."

ಇಬ್ಬರೂ ನನ್ನನ್ನೇ ನೋಡಿದರು. ನಾನಾಗಿ ಅಷ್ಟು ಉದ್ದದ ಮಾತು ಆಡಿ ಎಷ್ಟು ತಿಂಗಳಾಗಿತ್ತೋ.

ಅಧಿಕಾರಿ ಒಪ್ಪಿದರು. ಎರಡು ದಿನ ಬಿಟ್ಟು ನಾನು ಅಪ್ಪನ ಜೊತೆ ಶೆಡ್ಡಿಗೆ ಹೋದೆ. ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಕೊಳವೆ ಒಯ್ದಿದ್ದೆ. ಅದರ ಒಂದು ತುದಿಯನ್ನು ಗೀರು ಶುರುವಾದ ಕಡೆ ಅಪ್ಪ ಹಿಡಿದರು, ಇನ್ನೊಂದನ್ನು ಗೀರು ಮುಗಿದ ಕಡೆ ನಾನು ಹಿಡಿದೆ. ಏಳು ಸಲ ಅಳೆದೆ. ಒಮ್ಮೆ ನಾಲ್ಕು ಪಾಯಿಂಟ್ ಒಂಬತ್ತು ಬಂತು, ಒಮ್ಮೆ ಐದು ಪಾಯಿಂಟ್ ಒಂದು, ಉಳಿದ ಐದು ಸಲವೂ ಸರಿಯಾಗಿ ಐದು ಸೆಂಟಿಮೀಟರ್. ತೊಟ್ಟಿಗಳನ್ನು ತೂಗಿಸಿದ ಚೀಟಿ ಅಧಿಕಾರಿಯ ಹತ್ತಿರ ಇತ್ತು. ಎರಡೂ ನಾನೂರು ಕಿಲೋ, ಎರಡರ ಹಗ್ಗವೂ ಒಂದೇ ಉದ್ದ.

ಮನೆಗೆ ಬಂದು ನನ್ನ ಹಳೇ ವಿಜ್ಞಾನ ಪುಸ್ತಕ ತೆಗೆದೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿದೆ. ನಾನು ಹೀಗೆ ಯೋಚಿಸಿದೆ. ಮೊದಲು ಅಪ್ಪನ ತೊಟ್ಟಿಗೆ ಮಾತ್ರ ಚಲನ ಶಕ್ತಿ ಇತ್ತು. ಕೊನೆಗೆ ಎರಡೂ ತೊಟ್ಟಿ ಐದು ಸೆಂಟಿಮೀಟರ್ ಮೇಲೇರಿ ಒಂದು ಕ್ಷಣ ನಿಂತವು. ಎಂಟುನೂರು ಕಿಲೋವನ್ನು ಅಷ್ಟು ಎತ್ತಲು ಬೇಕಾದ ಶಕ್ತಿ ಮುನ್ನೂರ ತೊಂಬತ್ತೆರಡು ಜೂಲ್. ಹಾಗಾದರೆ ಮೊದಲು ಇದ್ದದ್ದೂ ಅಷ್ಟೇ ಆಗಿರಬೇಕು. ನಾನೂರು ಕಿಲೋದ ತೊಟ್ಟಿಯಲ್ಲಿ ಅಷ್ಟು ಶಕ್ತಿ ಇರಬೇಕಾದರೆ ಅದರ ವೇಗ ಸೆಕೆಂಡಿಗೆ ಒಂದು ಪಾಯಿಂಟ್ ನಾಲ್ಕು ಮೀಟರ್.

ಒಂದೂವರೆಗಿಂತ ಕಡಿಮೆ! ಮೂರು ಸಲ ತಾಳೆ ನೋಡಿದೆ. ಗುಣಾಕಾರ, ಭಾಗಾಕಾರ ಎಲ್ಲೂ ತಪ್ಪಿರಲಿಲ್ಲ. ಹೊಸ ಹಾಳೆಯಲ್ಲಿ ಸ್ಕೇಲು ಇಟ್ಟು ಬರೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಓದಲಿಲ್ಲ, ಕೊನೆಯ ಅಂಕಿಯ ಮೇಲೆ ಬೆರಳಿಟ್ಟು ಕೂತರು. "ನಾನು ಹೇಳಲಿಲ್ವಾ" ಎಂದರು. ಅವಘಡ ಆದಮೇಲೆ ಮೊದಲ ಸಲ ಆ ರಾತ್ರಿ ಹೊಟ್ಟೆ ತುಂಬ ಉಂಡರು.

ಅಧಿಕಾರಿಗೂ ಖುಷಿಯಾಯಿತು. "ಸಾಕ್ಷಿ ಸುಳ್ಳು ಹೇಳಬಹುದು, ಲೆಕ್ಕ ಹೇಳೋದಿಲ್ಲ. ಯಾವ ಕಾಲೇಜಮ್ಮ?" ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿದೆ. ಅಪ್ಪನೇ, "ಮನೇಲೇ ಇದಾಳೆ ಸಾರ್" ಎಂದರು. ಅವರಿಗೂ ಬೇಗ ಮುಗಿಸಿ ಹೋಗಬೇಕಿತ್ತು. ಹಾಳೆಯನ್ನು ಕಡತಕ್ಕೆ ಸೇರಿಸಿದರು.

ನನ್ನ ಹಾಳೆಯಿಂದ ಅಪ್ಪ ಉಳಿದರೆ ತಪ್ಪು ಚಿಕ್ಕಪ್ಪನ ಮೇಲೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿತ್ತು. ಲೆಕ್ಕ ಸರಿಯಿದೆಯಲ್ಲ, ನಾನೇನು ಮಾಡಲಿ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮುಂದಿನ ಭಾನುವಾರ ಚಿಕ್ಕಪ್ಪನನ್ನು ನೋಡಲು ಆಸ್ಪತ್ರೆಗೆ ಹೋದೆ. ಬಲಗೈಯ ಮೂರು ಬೆರಳು ತೆಗೆದಿದ್ದರು. ಕೈ ಬಟ್ಟೆಯ ದೊಡ್ಡ ಉಂಡೆಯ ಹಾಗೆ ದಿಂಬಿನ ಮೇಲಿತ್ತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಹಳೇ ಪತ್ರಿಕೆಯ ಅಂಚಿನಲ್ಲಿ ಏನೋ ಗೀಚುತ್ತಿದ್ದರು.

"ಬಂದ್ರಾ ಲೆಕ್ಕದ ಮೇಡಮ್ಮು! ಬನ್ನಿ, ಕೂತ್ಕೊಳ್ಳಿ" ಎಂದರು. "ನೋಡು, ನನ್ನ ಅಕ್ಷರ ನಿಂದಕ್ಕಿಂತ ಚೆನ್ನಾಗಿದೆ."

"ಏನು ಬರೀತಿದೀರಿ ಚಿಕ್ಕಪ್ಪ?"

"ಸಹಿ. ಎಡಗೈಲಿ ಕಲೀತಿದೀನಿ. ಬರೋ ಶುಕ್ರವಾರ ಅಧಿಕಾರಿ ಕರೆಸಿದಾರಲ್ಲ, ಸನ್ನೆ ತಡವಾಗಿ ಕೊಟ್ಟೆ, ತಪ್ಪು ನಂದೇ ಅಂತ ಬರ್ಕೊಟ್ಟು ಸಹಿ ಹಾಕ್ಬೇಕಂತೆ."

ನಾನು ಪತ್ರಿಕೆಯ ಅಂಚಿನ ಸಹಿಗಳನ್ನು ನೋಡುತ್ತಿದ್ದೆ. ಅವರೇ ಮುಂದುವರಿಸಿದರು.

"ನನಗೆ ಮೊದಲು ಹಾಗನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸರಿಯಾದ ಹೊತ್ತಿಗೇ ಕೈ ಎತ್ತಿದೆ ಅಂತಲೇ ಇದ್ದೆ. ಆದ್ರೆ ನೀನು ಲೆಕ್ಕ ಮಾಡಿದೀಯ ಅಂದ್ರು. ನಿಮ್ಮಪ್ಪ ನಿಧಾನ ಅನ್ನೋದು ಊರಿಗೇ ಗೊತ್ತು. ಹಾಗಿದ್ಮೇಲೆ ನಂದೇ ತಪ್ಪಿರ್ಬೇಕು. ನೋವಲ್ಲಿ ನೆನಪು ಹಿಂದುಮುಂದಾಗಿರುತ್ತೆ."

ಆಮೇಲೆ ಪತ್ರಿಕೆಯ ಅಂಚನ್ನು ನನ್ನ ಕಡೆ ತಳ್ಳಿ, "ಅದೇನು ಲೆಕ್ಕ, ನನಗೂ ಸ್ವಲ್ಪ ಹೇಳಿಕೊಡು. ಹೊತ್ತೇ ಹೋಗಲ್ಲ ಇಲ್ಲಿ" ಎಂದರು. ನಾನು ಎರಡು ತೊಟ್ಟಿ ಬರೆದೆ. ಮೊದಲು ಇದ್ದ ಶಕ್ತಿಯಷ್ಟೂ ಕೊನೆಗೆ ಎತ್ತರವಾಯಿತು ಎಂದು ವಿವರಿಸಿದೆ. ಅವರು ಒಂದೊಂದೇ ತೊಟ್ಟಿಯ ಮೇಲೆ ಎಡಗೈ ಬೆರಳಿಟ್ಟು ನೋಡಿದರು.

"ಎಲ್ಲಾ ಜೋರೂ ಮೇಲೆ ಹೋಗೋದಕ್ಕೇ ಖರ್ಚಾಯ್ತು ಅಂತೀಯ?"

"ಹೂಂ."

"ಹಾಗಾದ್ರೆ ತೊಟ್ಟಿ ಪಕ್ಕೆಲಿ ಇಷ್ಟು ದೊಡ್ಡ ತಗ್ಗು ಬಿತ್ತಲ್ಲ, ಅದಕ್ಕೆ ಜೋರು ಎಲ್ಲಿಂದ ಬಂತು? ಗೇಟಿನವರೆಗೆ ಸದ್ದು ಹೋಯ್ತಲ್ಲ?" ಬಟ್ಟೆ ಸುತ್ತಿದ ಕೈಯನ್ನು ಸ್ವಲ್ಪ ಎತ್ತಿದರು. "ಇದು ಲೆಕ್ಕದಲ್ಲಿ ಎಲ್ಲಿದೆ ಮಗಳೇ?"

ಅವರು ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು. ನಾನು ಎದ್ದುಬಂದೆ. ಹೋಗುತ್ತೇನೆ ಎಂದೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅಪ್ಪನ ಪೆಟ್ಟಿಗೆಯಿಂದ ಒಂದೇ ಅಳತೆಯ ಎರಡು ದೊಡ್ಡ ನಟ್ಟುಗಳನ್ನು ತೆಗೆದೆ. ಒಂದೇ ಉದ್ದದ ದಾರ ಕಟ್ಟಿ ಬಾಗಿಲ ಚೌಕಟ್ಟಿನಿಂದ ಅಕ್ಕಪಕ್ಕ ತೂಗುಬಿಟ್ಟೆ. ತಾಗಿದಾಗ ಅಂಟಿಕೊಳ್ಳಲಿ ಎಂದು ಒಂದಕ್ಕೆ ಕಲಸಿದ ಹಿಟ್ಟು ಮೆತ್ತಿದೆ, ತೂಕ ಸಮ ಇರಲಿ ಎಂದು ಇನ್ನೊಂದಕ್ಕೂ ಅಷ್ಟೇ. ಒಂದನ್ನು ಇಪ್ಪತ್ತು ಸೆಂಟಿಮೀಟರ್ ಮೇಲೆತ್ತಿ ಬಿಟ್ಟರೆ, ನನ್ನ ಹಾಳೆಯ ಪ್ರಕಾರ ಎರಡೂ ಅಂಟಿಕೊಂಡು ಹತ್ತು ಸೆಂಟಿಮೀಟರ್ ಏರಬೇಕು. ಏರಲಿಲ್ಲ. ಐದಕ್ಕೂ ಸ್ವಲ್ಪ ಕಡಿಮೆ. ದಾರ ಬಿಗಿ ಮಾಡಿದೆ, ಹಿಟ್ಟು ಬದಲಿಸಿದೆ, ಇಪ್ಪತ್ತು ಸಲ ಬಿಟ್ಟೆ. ಒಂದು ಸಲವೂ ಐದು ದಾಟಲಿಲ್ಲ.

ಆಗ ಪುಸ್ತಕದಲ್ಲಿ ಡಿಕ್ಕಿಯ ಪಾಠ ಹುಡುಕಿದೆ. ಆ ಪಾಠ ತರಗತಿಯಲ್ಲಿ ನಡೆದದ್ದು ನಾನು ಬಿಟ್ಟ ಮೇಲೆ. ಅದರ ಹಾಳೆಗಳು ಹೊಸದರಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಧಾನವಾಗಿ ಬಿಡಿಸಿ ಓದಿದೆ. ಎರಡು ವಸ್ತುಗಳು ಡಿಕ್ಕಿಯಾಗಿ ಒಂದಾಗಿ ಹೋದರೆ ಚಲನ ಶಕ್ತಿ ಅಷ್ಟೇ ಉಳಿಯುವುದಿಲ್ಲ, ಉಳಿಯುವುದು ಸಂವೇಗ, ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು. ಹಾಗಾಗಿ ಲೆಕ್ಕವನ್ನು ಎರಡು ಹೆಜ್ಜೆಯಲ್ಲಿ ಮಾಡಬೇಕು. ಬಡಿದ ಕ್ಷಣಕ್ಕೆ ಸಂವೇಗದ ನಿಯಮ, ಬಡಿದ ಮೇಲೆ ಲೋಲಕದಂತೆ ಮೇಲೇರುವುದಕ್ಕೆ ಶಕ್ತಿಯ ನಿಯಮ. ನಾನು ಮೊದಲ ಹೆಜ್ಜೆ ಬಿಟ್ಟು ಹಾರಿದ್ದೆ.

ಹಿಂದಿನಿಂದ ಶುರುಮಾಡಿದೆ. ಐದು ಸೆಂಟಿಮೀಟರ್ ಏರಬೇಕಾದರೆ, ಸಿಕ್ಕಿಕೊಂಡ ತೊಟ್ಟಿಗಳ ವೇಗ ಬಡಿದ ತಕ್ಷಣ ಸೆಕೆಂಡಿಗೆ ಸೊನ್ನೆ ಪಾಯಿಂಟ್ ತೊಂಬತ್ತೊಂಬತ್ತು ಮೀಟರ್ ಇರಬೇಕು. ಒಂದು ತೊಟ್ಟಿಯ ಸಂವೇಗವನ್ನು ಎರಡು ಹಂಚಿಕೊಂಡದ್ದರಿಂದ ವೇಗ ಅರ್ಧವಾಗಿದೆ. ಅಂದರೆ ಬಡಿಯುವ ಮೊದಲು ಅಪ್ಪನ ತೊಟ್ಟಿಯ ವೇಗ ಒಂದು ಪಾಯಿಂಟ್ ತೊಂಬತ್ತೆಂಟು. ಹತ್ತಿರ ಹತ್ತಿರ ಎರಡು ಮೀಟರ್. ಗೋಡೆಗೆ ಉಜ್ಜಿ ಕಳೆದದ್ದನ್ನು ಸೇರಿಸಿದರೆ ಇನ್ನೂ ಚೂರು ಹೆಚ್ಚೇ ಆಗುತ್ತದೆ, ಕಡಿಮೆಯಂತೂ ಆಗುವುದಿಲ್ಲ.

ಶಕ್ತಿಯನ್ನೂ ಲೆಕ್ಕ ಹಾಕಿದೆ. ಮೊದಲು ಏಳುನೂರ ಎಂಬತ್ತನಾಲ್ಕು ಜೂಲ್, ಬಡಿದ ಮೇಲೆ ಮುನ್ನೂರ ತೊಂಬತ್ತೆರಡು. ಉಳಿದ ಮುನ್ನೂರ ತೊಂಬತ್ತೆರಡು ಆ ತಗ್ಗಿಗೆ, ಆ ಸದ್ದಿಗೆ, ಚಿಕ್ಕಪ್ಪನ ಕೈಗೆ ಹೋಗಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ತಪ್ಪು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ನಿನ್ನೆ ಸಂಜೆ ಅಪ್ಪ ಟೀ ಕುಡಿಯುತ್ತಾ ಕೂತಿದ್ದಾಗ ಎರಡನೇ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಅಪ್ಪಾ, ಮೊದಲನೆಯದು ತಪ್ಪು."

ಅಪ್ಪ ಕೊನೆಯ ಅಂಕಿ ನೋಡಿದರು. "ಈ ಸಲ ತಪ್ಪಿಲ್ವಾ?"

"ಇಲ್ಲಪ್ಪ."

"ಇನ್ನೊಂದ್ಸಲ ಮಾಡು."

ಎದುರಿಗೇ ಕೂತು ಮಾಡಿದೆ. ಅದೇ ಬಂತು. "ಇನ್ನೊಂದ್ಸಲ" ಎಂದರು. ಮಾಡಿದೆ. ಮೂರನೇ ಸಲ ಹೇಳಿದಾಗ ಅವರ ದನಿ ಹೊರಡಲಿಲ್ಲ, ಬರೀ ತುಟಿ ಅಲ್ಲಾಡಿತು. ಅದನ್ನೂ ಮಾಡಿದೆ.

ಅಪ್ಪ ಮೇಜಿನ ಅಂಚಿನ ಮೇಲೆ ಕೈಯಿಟ್ಟು ಲಿವರ್ ಹಿಡಿದ ಹಾಗೆ ಮುಂದೆ ತಳ್ಳಿದರು. ಒಂದು. ಎರಡು. ಅಲ್ಲಿ ನಿಲ್ಲಿಸಿದರು. ವಾಪಸು ತಂದು ಮತ್ತೆ ತಳ್ಳಿದರು. ಎಷ್ಟು ಸಲ ತಳ್ಳಿದರೋ. ಒಂದು ಸಲ ಕೈ ಎರಡರಲ್ಲಿ ನಿಲ್ಲದೆ ಮುಂದಕ್ಕೆ ಜಾರಿತು. ಅಪ್ಪ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

"ಮೂರಕ್ಕೆ ಹೋಗಿತ್ತಾ?" ಎಂದು ನನ್ನನ್ನೇ ಕೇಳಿದರು. "ನನಗೆ ಗೊತ್ತೇ ಆಗಲಿಲ್ವಲ್ಲೇ. ಹಾಗಾದ್ರೆ ಇಷ್ಟು ವರ್ಷದಲ್ಲಿ ಇನ್ನೆಷ್ಟು ಸಲ ಹೋಗಿದೆಯೋ."

ಅದನ್ನು ಅಳೆಯಲು ಗೋಡೆಯ ಮೇಲೆ ಯಾವ ಗೀರೂ ಇಲ್ಲ.

ಅಮ್ಮ ಒಲೆ ಆರಿಸಿ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಅಧಿಕಾರಿ ಒಪ್ಪಿದಾರೆ, ಕಡತಕ್ಕೆ ಸೇರಿದೆ. ನಿನ್ನನ್ನ ಯಾರಾದ್ರೂ ಕೇಳಿದ್ರಾ ಇನ್ನೊಂದು ಹಾಳೆ ಬರಿ ಅಂತ?"

"ಇಲ್ಲ."

"ಶಾಲೇಲಿ ಬಾಯಿ ಬಿಡು ಅಂದಾಗ ಬಿಡ್ಲಿಲ್ಲ. ಈಗ ಬಿಡ್ತೀಯಾ? ಹೆತ್ತಪ್ಪನ ಅನ್ನಕ್ಕೆ ಮಣ್ಣು ಹಾಕೋಕೆ?"

"ಸುಮ್ನಿರೇ" ಎಂದರು ಅಪ್ಪ, ತುಂಬ ಮೆಲ್ಲಗೆ. ಅಮ್ಮ ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ತಟ್ಟೆಯನ್ನು ನನ್ನ ಮುಂದೆ ಇಡದೆ ಮೇಜಿನ ಆ ತುದಿಯಲ್ಲಿ ಇಟ್ಟು ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ಅಪ್ಪನನ್ನು ಇನ್ನೊಂದು ಕ್ರೇನಿಗೆ ಯಾರೂ ಹತ್ತಿಸುವುದಿಲ್ಲ. ಹತ್ತಿಸಿದರೂ ಅಪ್ಪ ಹತ್ತುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಇವತ್ತು ಇಡೀ ದಿನ ಅವರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾರೆ. ಅಧಿಕಾರಿಯ ಹತ್ತಿರ ಹೋಗು ಎಂದೂ ಹೇಳಲಿಲ್ಲ, ಹೋಗಬೇಡ ಎಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ, ಬೇಡ ಎಂದುಬಿಟ್ಟರೆ ಎಂದು ಹೆದರಿಕೆ.

ಎರಡನೇ ಹಾಳೆ ಕೊಟ್ಟರೂ ಚಿಕ್ಕಪ್ಪನ ಬೆರಳು ಬರುವುದಿಲ್ಲ. ಅವರೂ ಮತ್ತೆ ಕೊಕ್ಕೆ ಸಿಕ್ಕಿಸಲಾರರು. ನಿಜ ಹೇಳಿಯೂ ಇಬ್ಬರಲ್ಲಿ ಒಬ್ಬರಾದರೂ ಕೆಲಸದಲ್ಲಿ ಉಳಿಯುವ ಲೆಕ್ಕ ಇದೆಯೇ ಎಂದು ಹುಡುಕಿದೆ, ಇಲ್ಲ. ಆದರೆ ಮಾಡದ ತಪ್ಪನ್ನು ಮಾಡಿದೆ ಎಂದು ಅವರು ನಂಬಿರುವುದು ನನ್ನ ಹಾಳೆಯಿಂದ.

ನಾಳೆ ಶುಕ್ರವಾರ. ಹತ್ತು ಗಂಟೆಗೆ ಚಿಕ್ಕಪ್ಪ ಸಹಿ ಹಾಕಬೇಕು. ನಾನು ಒಂಬತ್ತೂವರೆಗೆ ವಿಚಾರಣೆಯ ಕೋಣೆಗೆ ಹೋಗಿ ಎರಡನೇ ಹಾಳೆಯನ್ನು ಅಧಿಕಾರಿಗೆ ಕೊಡುತ್ತೇನೆ. ಮೊದಲನೆಯದು ತಪ್ಪು, ತಪ್ಪು ನನ್ನದು ಎಂದು ಹೇಳುತ್ತೇನೆ. ಮಾತು ಹೊರಡದಿದ್ದರೆ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು, ಅವರು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.